ಪಟ ತೊಳೆದ ನೀರು

ನಮ್ಮತ್ತೆ ಪಾರ್ವತಮ್ಮನವರಿಗೆ ಸ್ಟುಡಿಯೊ ಅಂದರೆ ಅಷ್ಟಕ್ಕಷ್ಟೆ. ಅಗ್ರಹಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರ ಮಗ ಏಕಾಂತಯ್ಯನವರು ಫೋಟೊ ತೆಗೆಯುವುದು, ಹಿತ್ತಲಲ್ಲಿ ನಾನು ತೊಳೆಯುವುದು. ‘ಸೊಸೆ ಕೈಯೆಲ್ಲ ನಾತ’ ಎಂದು ನಾನು ಮಾಡಿದ ಅಡುಗೆಯನ್ನು ಮೂಸಿ ನೋಡಿಯೇ ಉಣ್ಣುತ್ತಿದ್ದರು. ನಾನೂ ಸುಮ್ಮನಿರುವ ಪೈಕಿಯಲ್ಲ, ಒಂದಕ್ಕೆರಡು ಹೇಳುತ್ತಿದ್ದೆ.

ಅದು ೧೯೫೪ರ ಬೇಸಿಗೆ. ನನ್ನ ಮಗ ಸದಾಶಿವನಿಗೆ ಇನ್ನೂ ಎರಡು ತುಂಬಿರಲಿಲ್ಲ. ಜ್ವರ ಬಿಡದೆ ಸೊರಗಿ ಹೋಗಿದ್ದ. ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಂಥದ್ದರಲ್ಲಿ ಮಠದ ಕೆಲಸ ಬಂತು. ಲಿಂಗೈಕ್ಯರಾದ ಹಿರಿಯ ಸ್ವಾಮಿಗಳ ದೊಡ್ಡ ಪಟ, ಮೊಮ್ಮಕ್ಕಳ ಕಾಲಕ್ಕೂ ಮಾಸಬಾರದು. ಅದಕ್ಕೆ ಕಂದು ಬಣ್ಣ ಕೊಡಬೇಕು. ಮೊದಲು ಹಳದಿ ದ್ರಾವಣದಲ್ಲಿ ಮುಳುಗಿಸಿದರೆ ಚಿತ್ರ ಅಳಿಸಿಹೋದಂತೆ ಕಾಣುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಇನ್ನೊಂದು ನಾತದ ದ್ರಾವಣಕ್ಕೆ ಹಾಕಿದರೆ ಕಂದಾಗಿ ಮರಳಿ ಬರುತ್ತದೆ, ಮತ್ತೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. “ಆ ಹಳದಿ ಮದ್ದಿನ ಹೆಸರಲ್ಲೇ ಸೈನೈಡ್ ಇದೆ ಕಣೇ, ಮಗು ಹತ್ರ ಸುಳೀದ ಹಾಗೆ ನೋಡ್ಕೊ,” ಎಂದು ಹೇಳಿ ನಮ್ಮವರು ಚೌಕಟ್ಟು ತರಲು ಹೋದರು.

ಸ್ವಾಮಿಗಳ ಮುಖ ಹಳದಿ ದ್ರಾವಣದ ತಟ್ಟೆಯಲ್ಲಿ ಮಾಯವಾಗುತ್ತಿದ್ದಾಗ ಅತ್ತೆ ಹಿತ್ತಲಿಗೆ ಬಂದರು. ಅವರಿಗೆ ಲಿಂಗದೀಕ್ಷೆ ಕೊಟ್ಟವರೇ ಆ ಸ್ವಾಮಿಗಳು.

“ಬುದ್ಧಿಯೋರು ಎಲ್ಲೋದ್ರಮ್ಮ ಶಾಂತ?”

“ನೀರಲ್ಲಿ ಕರಗವ್ರೆ ಅತ್ತೆ. ಆಮೇಲೆ ಬತ್ತಾರೆ.”

ಅತ್ತೆ ತಟ್ಟೆಗೆ ಕೈಮುಗಿದರು. ನಾನು ಎರಡನೆಯ ದ್ರಾವಣದ ಬಾಟಲಿ ತರಲು ಸೌದೆಕೊಟ್ಟಿಗೆಗೆ ಹೋದೆ. ಅದರ ಆವಿ ತಾಕಿದರೆ ಸ್ಟುಡಿಯೊದ ಕಾಗದವೆಲ್ಲ ಹಾಳು, ಅದಕ್ಕೇ ಅಷ್ಟು ದೂರ ಇಟ್ಟಿದ್ದು. ಬಿರಡೆ ಕಚ್ಚಿಕೊಂಡಿತ್ತು. ಅದನ್ನು ಬೈದು, ತಿರುಚಿ, ಬಿಚ್ಚಿಕೊಂಡು ವಾಪಸು ಬಂದರೆ ತಟ್ಟೆಯ ಪಕ್ಕದಿಂದ ದೇವರಮನೆಯವರೆಗೂ ಹಳದಿ ಹನಿಗಳು ಬಿದ್ದಿದ್ದವು.

ಗುರುವಿನ ಪಾದ ತೊಳೆದ ನೀರನ್ನು ತೀರ್ಥವೆಂದು ಕುಡಿಯುವ ಜನ ನಾವು. ಇಲ್ಲಿ ಗುರುವೇ ಕರಗಿ ನೀರಾಗಿದ್ದಾರೆ. ಜ್ವರದ ಮಗುವಿಗೆ ಇದಕ್ಕಿಂತ ದೊಡ್ಡ ಮದ್ದು ಅತ್ತೆಗೆ ಇನ್ನೆಲ್ಲಿ ಸಿಗಬೇಕು!

ಬಾಟಲಿ ಅಲ್ಲೇ ಇಟ್ಟು ಓಡಿದೆ. ಅತ್ತೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಮಗು ಪಕ್ಕದ ಚಾಪೆಯ ಮೇಲೆ ಮಲಗಿತ್ತು, ಅದರ ತುಟಿ ಒದ್ದೆ. ಚೊಂಬಿನೊಳಗೆ ಹಳದಿ ನೀರು ಅರ್ಧಕ್ಕಿತ್ತು.

“ಅತ್ತೆ, ಮಗೂಗೆ ಕುಡಿಸಿದ್ರಾ?”

ಪೂಜೆಗೆ ಕೂತರೆ ಅವರು ಮಾತಾಡುವುದಿಲ್ಲ. ಮಾವನವರು ಹೋದ ಸುದ್ದಿ ಬಂದಾಗಲೂ ಪೂಜೆ ಮುಗಿಸಿಯೇ ಎದ್ದು ಅತ್ತವರು. ರಟ್ಟೆ ಹಿಡಿದು ಅಲುಗಾಡಿಸೋಣವೆಂದರೆ ಅಂಗೈಯಿಂದ ಲಿಂಗ ಬಿದ್ದೀತು. ಲಿಂಗ ನೆಲಕ್ಕೆ ಬಿದ್ದರೆ ಈ ಮುದುಕಿ ಅನ್ನನೀರು ಬಿಟ್ಟು ಸಾಯುತ್ತಾರೆ. ನಾನು ಮಗುವನ್ನು ಎತ್ತಿ, ಬಾಯಿಗೆ ಬೆರಳು ಹಾಕಿ ನಾಲಿಗೆ ನೋಡಿದೆ. ಜ್ವರಕ್ಕೆ ಬಿಳಿ ಅಗ್ರ ಪದರಗಟ್ಟಿತ್ತು, ಹಳದಿಯೋ ಅಲ್ಲವೋ ದೇವರಮನೆಯ ಮಬ್ಬು ಬೆಳಕಿನಲ್ಲಿ ತಿಳಿಯಲಿಲ್ಲ. ಮಗು ಅಳತೊಡಗಿತು. ಅತ್ತೆಯ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟು, ಕಿವಿಯ ಹತ್ತಿರ ಕೂಗಿದೆ.

“ಅದು ವಿಷ ಅತ್ತೆ! ಕುಡಿಸಿದ್ರಾ ಇಲ್ವಾ, ಅಷ್ಟು ಹೇಳಿ!”

ಅತ್ತೆ ಕಣ್ಣು ಬಿಟ್ಟರು. ಪೂಜೆಯ ನಡುವೆ ಅವರ ದನಿಯನ್ನು ನಾನು ಮೊದಲ ಸಲ ಕೇಳಿದೆ.

“ಮಗೀಗೆ ಕೊಟ್ಟಿಲ್ಲ ಕಣಮ್ಮ. ತುಟಿಗೆ ಸವರಿದ್ದು ಕಾಯ್ಸಿದ್ ನೀರು. ತೀರ್ಥ ನಾಲ್ಗೆಗಿಟ್ ನೋಡ್ದೆ, ಒಂಥರಾ ಇತ್ತು. ಅದ್ಕೇ ಮೊದ್ಲು ನಾನೇ ಕುಡುದೆ. ಪೂಜೆ ಮುಗಿಯೋಗಂಟ ನಂಗೇನೂ ಆಗ್ದಿದ್ರೆ ಮಗೀಗೆ ಕೊಡಾನ ಅಂತ.”

ಅಬ್ಬ, ನನ್ನ ಮಗು ಉಳಿಯಿತು! ಮೊದಲು ಬಂದದ್ದು ಅದೇ, ಬರೀ ಖುಷಿ. ಅವರು ಹೇಳಿದ ಉಳಿದ ಮಾತು ತಲೆಗಿಳಿಯಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅತ್ತೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು.

“ವಿಷ ಅಂದ್ರೆ ಮಗೀನ ಎತ್ಕೊಂಡು ಆಚ್ಗೋಗು. ನಾ ಒದ್ದಾಡಾದ ಅದು ನೋಡ್ಬಾರ್ದು.”

ನಾನು ಮಗುವನ್ನು ಚಾಪೆಯ ಮೇಲೆ ಹಾಕಿ, “ದೇವೀರಮ್ಮಾ, ಡಾಕ್ಟ್ರನ್ನ ಕರೀರಿ!” ಎಂದು ಪಕ್ಕದ ಮನೆಯವರನ್ನು ಕೂಗಿ, ಅತ್ತೆಯ ಬಾಯಿಗೆ ಬೆರಳು ಹಾಕಿದೆ. ಅವರು ನನ್ನ ಕೈ ಕಚ್ಚಿದರು. ನಾನು ಬಿಡಲಿಲ್ಲ. ನನ್ನ ಸೆರಗಿನ ಮೇಲೆ ಹಳದಿ ನೀರು ಬಂತು. ಡಾಕ್ಟರು ಬಂದು, ಹೆಸರಲ್ಲಿ ಸೈನೈಡ್ ಇದ್ದರೂ ಆ ಮದ್ದು ಅಷ್ಟು ವಿಷವಲ್ಲ, ಜೀವಕ್ಕೇನೂ ಭಯವಿಲ್ಲ ಎಂದದ್ದೆಲ್ಲ ಆಮೇಲೆ. ಆಗ ಅತ್ತೆ ನನ್ನ ತೋಳಲ್ಲಿ ನಡುಗುತ್ತಿದ್ದರು, ಮಗು ಕಿರುಚುತ್ತಿತ್ತು.

“ಮಗ ಅಳ್ತಾ ಅದೆ, ಎತ್ಕೊ ಹೋಗು,” ಎಂದರು.

“ಅಳ್ಲಿ ಬುಡಿ,” ಎಂದೆ. “ನೀವು ಇನ್ನೊಂದ್ಸಲ ಕಾರ್ಕೊಳಿ.”