ಕಲ್ಲಂಗಡಿಗೂ ಮೇಷ್ಟ್ರ ತಲೆಗೂ

ತಮ್ಮನ ಕ್ಷೌರದಂಗಡಿಯಲ್ಲಿ ಅಕ್ಕನ ಯಂತ್ರಕ್ಕೆ ಅಂದು ಮೊದಲ ಗಿರಾಕಿ. ತಲೆಗೆ ಎಣ್ಣೆ ತಿಕ್ಕುವ ಒಂಟಿ ಕೈ, ಅದರ ಮೇಲೆ ಪಕ್ಕಪಕ್ಕದಲ್ಲಿ ಎರಡು ಕ್ಯಾಮೆರಾ ಕಣ್ಣು, ನಮಗಿರುವ ಹಾಗೆಯೇ. ಒಂದೇ ಗುರುತು ಎಡಗಣ್ಣಿಗೆ ಒಂದು ಕಡೆ ಕಂಡರೆ ಬಲಗಣ್ಣಿಗೆ ತುಸು ಆಚೆ ಕಾಣುತ್ತದೆ. ಆ ವ್ಯತ್ಯಾಸದಿಂದಲೇ ಅದು ದೂರ ಅಳೆಯುವುದು. ಅದಕ್ಕಾಗಿ ಅಕ್ಕ ಆರು ತಿಂಗಳು ಊಟ ನಿದ್ದೆ ಬಿಟ್ಟಿದ್ದಳು.

“ಒಬ್ರ ತಲೆಗೆ ಏಟು ಬಿದ್ರೂ ಇದು ಅಟ್ಟಕ್ಕೆ,” ಎಂದಿದ್ದ ತಮ್ಮ ರಟ್ಟಿನ ಪೆಟ್ಟಿಗೆಯನ್ನೂ ತಂದಿಟ್ಟಿದ್ದ. ಒಡಹುಟ್ಟಿದವನ ಭರವಸೆ ಎಂದರೆ ಹೀಗಿರಬೇಕು!

“ಒಂದು ತಿಂಗಳು ಕಲ್ಲಂಗಡಿಗೆ ತಿಕ್ಸಿದೀನಿ ಕಣೋ. ಒಂದೂ ಒಡೆದಿಲ್ಲ.”

ಬಂದವರು ಶಾಲೆಯ ಮೇಷ್ಟ್ರು. ತಲೆಯಲ್ಲಿ ಮದ್ದಿಗೆ ಬೇಕೆಂದರೂ ಒಂದು ಕೂದಲಿಲ್ಲ. ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಕೈ ಇಳಿಯಿತು, ಗಾಳಿಯಲ್ಲಿ ತಡಕಾಡಿತು, ಕೊನೆಗೆ ಕುರ್ಚಿಯ ಹೂವಿನ ಹೊದಿಕೆಗೆ ಭಕ್ತಿಯಿಂದ ಎಣ್ಣೆ ತಿಕ್ಕತೊಡಗಿತು.

“ಶುರು ಮಾಡಮ್ಮ,” ಎಂದರು ಮೇಷ್ಟ್ರು.

ತಮ್ಮ ಸದ್ದಿಲ್ಲದೆ ಪೆಟ್ಟಿಗೆಯ ಮುಚ್ಚಳ ತೆರೆದ.

ಅಕ್ಕ ಹೊದಿಕೆಯ ಹೂವನ್ನೂ ಮೇಷ್ಟ್ರ ತಲೆಯನ್ನೂ ನೋಡಿದಳು. ಮರುಕ್ಷಣ ಹೊಳೆಯಿತು. ಕಲ್ಲಂಗಡಿಗೆ ಮೈತುಂಬ ಪಟ್ಟೆ; ಎರಡು ಕಣ್ಣೂ ಒಂದೇ ಪಟ್ಟೆಯನ್ನು ಹಿಡಿದು ತಾಳೆ ನೋಡುತ್ತಿದ್ದವು. ಈ ನುಣ್ಣನೆಯ ತಲೆಯಲ್ಲಿ ತಾಳೆ ನೋಡಲು ಏನಿದೆ, ಮಣ್ಣು? ಯಂತ್ರದ ಪಾಲಿಗೆ ಮೇಷ್ಟ್ರಿಗೆ ತಲೆಯೇ ಇರಲಿಲ್ಲ.

“ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ತಲೆ ಮೇಲೆ ನಾಲ್ಕು ಚುಕ್ಕಿ ಇಡ್ಲಾ?”

“ಭೂಪಟ ಬೇಕಾದ್ರೂ ಬರಿ. ತಿಕ್ಕಿದ್ರೆ ಸಾಕು.”

ಅಕ್ಕ ಹುಬ್ಬಿನ ಪೆನ್ಸಿಲ್ ತೆಗೆದು ನಾಲ್ಕಲ್ಲ, ನಲವತ್ತು ಚುಕ್ಕಿ ಇಟ್ಟಳು. ಕೈ ಮತ್ತೆ ಇಳಿಯಿತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ನೆತ್ತಿ ಮುಟ್ಟಿತು. ಮೇಷ್ಟ್ರು ಗೊರಕೆ ಹೊಡೆದರು.

ಎಚ್ಚರವಾದಾಗ ಕನ್ನಡಿ ಎದುರಿಗಿತ್ತು. ಎಣ್ಣೆ, ಮಸಿ, ಚುಕ್ಕಿ. ಅವರು ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡರು. ಅಕ್ಕ ಒರೆಸಲು ಟವೆಲ್ ಎತ್ತಿಕೊಂಡಳು. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು.

“ಎಡಗಿವಿ ಮೇಲೆ ಎರಡು ಚುಕ್ಕಿ ಬಿಟ್ಟಿದೀಯ. ಅದಕ್ಕೇ ಅಲ್ಲಿ ಎಣ್ಣೆನೇ ಹತ್ತಿಲ್ಲ.” ತಾವೇ ಕನ್ನಡಿ ನೋಡಿಕೊಂಡು ಎರಡನ್ನೂ ಇಟ್ಟು ಹಿಂದಕ್ಕೊರಗಿದರು. “ಹ್ಞೂಂ, ಇನ್ನೊಂದ್ಸಲ.”

ಅಕ್ಕನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ತಮ್ಮ ಪೊರಕೆ ಹಿಡಿದು, ನೆಲದ ಕೂದಲನ್ನೆಲ್ಲ ಗುಡಿಸಿ ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ.