ಏಳನೇ ಚುಕ್ಕಿ

“ಮೇಡಂ, ಈ ಏಳನೇ ಚುಕ್ಕಿಗೆ ಒಂದೂ ಗೆರಿ ಇಲ್ಲಲ್ರಿ?”

ಅಫ್ರೀನ್ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿ ಕೇಳಿದಳು. ಪಕ್ಕದ ಮೇಜಿನಲ್ಲಿ ಡಬ್ಬಿ ಬಿಚ್ಚಿ ಅವಲಕ್ಕಿ ತಿನ್ನುತ್ತಿದ್ದ ಸಂಪದಾ, “ಸರಿಯಾಗಿ ನೋಡವಾ, ಇದ್ದೇ ಇರ್ತದ. ಒಂದರ ಮ್ಯಾಲೊಂದು ಬಂದಿರ್ತಾವ,” ಎಂದಳು. ವರ್ಷಗಟ್ಟಲೆ ಪಾಠ ಹೇಳಿದವರಿಗೆ ಎದ್ದು ನೋಡುವ ಮೊದಲೇ ಉತ್ತರ ಕೊಡುವ ಚಟ ಬೆಳೆದಿರುತ್ತದೆ.

“ನೋಡೇನ್ರಿ. ಮೂಲ್ಯಾಗ ಒಂದ ಕುಂತೈತಿ, ಪಾಪ.”

ಸಂಪದಾ ಚಮಚ ಇಟ್ಟು ಎದ್ದು ಬಂದಳು. ಖರೆ. ಒಂಬತ್ತು ಚುಕ್ಕಿಗಳು ತಮ್ಮತಮ್ಮಲ್ಲೇ ಗೆರೆ ಕೂಡಿಸಿಕೊಂಡು ಗದ್ದಲ ಹಾಕಿದಂತಿದ್ದವು. ಏಳನೆಯದರ ಹತ್ತಿರ ಯಾವ ಗೆರೆಯೂ ಸುಳಿದಿರಲಿಲ್ಲ.

ಹುಬ್ಬಳ್ಳಿಯ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಗಣಿತ ಪ್ರಾಯೋಗಿಕ ಪರೀಕ್ಷೆ ಸಂಪದಾ ಮೇಡಂ ಪದ್ಧತಿಯೆಂದೇ ಹೆಸರಾಗಿತ್ತು. ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಇರುತ್ತಿತ್ತು. ಮುಂದಿನ ಬೆಂಚಿನ ಉತ್ತರ ಹಿಂದಿನ ಬೆಂಚಿಗೆ ತಲುಪಲು ಎಷ್ಟು ಹೊತ್ತು ಬೇಕು! ಇವಳು ಗಣಿತದ ಸಾಫ್ಟ್‌ವೇರಿನಲ್ಲಿ ನಾಲ್ಕು ಸಾಲು ಬರೆದು ಆ ಕಾಟ ತಪ್ಪಿಸಿದ್ದಳು. ವಿದ್ಯಾರ್ಥಿಯ ಪರೀಕ್ಷಾ ನಂಬರ್ ಕೊಟ್ಟರೆ ಸಾಕು. ಅದು ಹತ್ತು ಚುಕ್ಕಿ ಇಟ್ಟು, ಯಾವ ಎರಡರ ನಡುವೆ ಗೆರೆ ಇರಬೇಕು, ಯಾವುದರ ನಡುವೆ ಬೇಡ ಎಂದು ನಾಣ್ಯ ಚಿಮ್ಮಿದ ಹಾಗೆ ತಾನೇ ತೀರ್ಮಾನಿಸಿ, ಗೆರೆಗೊಂದು ಬೆಲೆ ಬರೆದು, ಗ್ರಾಫ್ ಮಾಡಿ ಕೊಡುತ್ತಿತ್ತು. ಚುಕ್ಕಿಗಳನ್ನು ಊರು ಅನ್ನಿ, ಗೆರೆಗಳನ್ನು ರಸ್ತೆ ಅನ್ನಿ. ಎಲ್ಲ ಊರುಗಳನ್ನೂ ಆದಷ್ಟು ಕಡಿಮೆ ಖರ್ಚಿನಲ್ಲಿ ಜೋಡಿಸಿ ತೋರಿಸಬೇಕು, ಅದೇ ಪ್ರಶ್ನೆ. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರದು. ಅದೇ ನಂಬರ್ ಮತ್ತೆ ಕೊಟ್ಟರೆ ಮಾತ್ರ ಅದೇ ಚಿತ್ರ ಮತ್ತೆ ಬರುತ್ತದೆ. ಪರಿಶೀಲನಾ ಸಮಿತಿಯವರು ಬಂದಾಗ ಪ್ರಿನ್ಸಿಪಾಲರು ಇದನ್ನೇ ಮೊದಲು ತೋರಿಸಿ ಬೆನ್ನು ತಟ್ಟಿಸಿಕೊಂಡಿದ್ದರು. ಆಮೇಲೆ ಬೇರೆ ಕಾಲೇಜುಗಳವರು ಸಂಪದಾಳನ್ನು ಕರೆಸಿ ಭಾಷಣ ಮಾಡಿಸಿದ್ದೇ ಮಾಡಿಸಿದ್ದು.

ಎಲ್ಲ ಚುಕ್ಕಿಗಳೂ ಕೂಡಿವೆಯೇ ನೋಡು, ಇಲ್ಲದಿದ್ದರೆ ಬೇರೆ ಗ್ರಾಫ್ ಬರೆ ಎನ್ನುವ ಐದನೇ ಸಾಲೊಂದು ಬೇಕಿತ್ತು. ಅದನ್ನು ಬರೆಯಲು ಅವಳಿಗೆ ಹೊಳೆದಿರಲಿಲ್ಲ.

“ಯಾರ ನಂಬರ್ ಹಾಕೀದಿ ಇದು?”

“ಹೋದ ಬ್ಯಾಚಿಂದ್ರಿ. ಹೊಸಾ ಹುಡುಗ್ರಿಗೆ ಅಭ್ಯಾಸಕ್ಕ ಕೊಡೂನು ಅಂದಿದ್ರೆಲ್ರಿ, ಅದಕ್ಕ ಒಂದೊಂದ ಹಾಕಾಕತ್ತೇನಿ. ಇದು ನಲವತ್ತೊಂದು.” ಅಫ್ರೀನ್ ಈ ವರ್ಷವೇ ಕೆಲಸಕ್ಕೆ ಸೇರಿದವಳು, ಹಳೆಯದೇನೂ ಗೊತ್ತಿಲ್ಲ. “ಇದಕ್ಕ ಉತ್ತರ ಏನ್ರಿ ಹಂಗಾದ್ರ? ಜೋಡಸಾಕ ಬರೂದಿಲ್ಲಂತ ಬರದ್ರ ಮುಗೀತಿಲ್ರಿ?”

ಸಂಪದಾಳಿಗೆ ಹಾಜರಿ ಪುಸ್ತಕ ತೆಗೆಯುವ ಅಗತ್ಯ ಬೀಳಲಿಲ್ಲ. ನಲವತ್ತೊಂದು ಅಂದರೆ ಮಾಯಾ, ಗರಗದ ಹುಡುಗಿ.

“ತಪ್ಪಿ ಬಂದದ. ಅದನ್ನ ಬಿಟ್ಟುಬಿಡು, ಮುಂದಿನದು ಹಾಕು,” ಎಂದಳು.

ಅಫ್ರೀನ್ ಅದನ್ನು ಅಳಿಸಿ ಮುಂದಿನದು ಹಾಕಿದಳು.

ಪರೀಕ್ಷೆಯ ದಿನ ಮಾಯಾ ಕೈ ಎತ್ತಿ, “ಮೇಡಂ, ನನ್ನ ಗ್ರಾಫ್ ಒಮ್ಮಿ ನೋಡ್ರಿ,” ಎಂದಿದ್ದಳು. ಹೊರಗಿನಿಂದ ಬಂದ ಪರೀಕ್ಷಕರಿಗೆ ಚಹಾ ತರಿಸುವ ಗಡಿಬಿಡಿಯಲ್ಲಿದ್ದ ಸಂಪದಾ, ಕೂತಲ್ಲಿಂದಲೇ, “ಪರೀಕ್ಷಾದಾಗ ಪ್ರಶ್ನಿ ಕೇಳೂಹಾಂಗಿಲ್ಲ. ತಿಳದದ್ದು ಬರಿ,” ಎಂದು ಗದರಿದ್ದಳು. ಮಾಯಾ ಒಂದೇ ಸಾಲು ಬರೆದು ಎದ್ದು ಹೋದಳು: ಈ ಗ್ರಾಫಿನಲ್ಲಿ ಎಲ್ಲ ಚುಕ್ಕಿಗಳನ್ನೂ ಜೋಡಿಸಲು ಸಾಧ್ಯವಿಲ್ಲ. ಸಾಫ್ಟ್‌ವೇರ್ ಕೊಟ್ಟ ಉತ್ತರಪಟ್ಟಿಯಲ್ಲಿ ಆ ನಂಬರಿನ ಮುಂದೆ ಏನೋ ಒಂದು ಮೊತ್ತವಿತ್ತು. ಕೂಡಿದ ಒಂಬತ್ತು ಚುಕ್ಕಿಗಳ ಲೆಕ್ಕ ಮಾಡಿ ಅದು ಸುಮ್ಮನಾಗಿತ್ತು. ಸಂಪದಾ ಪಟ್ಟಿ ನೋಡಿದಳು, ಒಂದು ಸಾಲಿನ ಉತ್ತರ ನೋಡಿದಳು, ಸೊಕ್ಕು ನೋಡು ಅಂದುಕೊಂಡು ಸೊನ್ನೆ ಸುತ್ತಿದಳು. ಮೇಲಿದ್ದ ಚಿತ್ರ ನೋಡಲಿಲ್ಲ.

ಫಲಿತಾಂಶ ಬಂದು, ಆ ಸೊನ್ನೆಯಿಂದ ನಪಾಸಾದ ಮೇಲೆ ಮಾಯಾ ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ಅಪ್ಪ ಅರ್ಜುನಪ್ಪ, ಸರಕಾರಿ ಶಾಲೆಯೊಂದರ ಹೆಡ್‌ಮಾಸ್ತರರು. “ನಾನೂ ಮಾಸ್ತರ ಅದೇನ್ರಿ ಮೇಡಂ. ಹುಡುಗ್ರು ಏನೇನ ನೆವಾ ಹೇಳ್ತಾರಂತ ನನಗ ಗೊತ್ತೈತಿ. ಆದ್ರ ಇಕಿ ಕೇಳವಲ್ಲಳ್ರಿ,” ಎಂದು ಕೈ ಕಟ್ಟಿ ನಿಂತಿದ್ದರು.

“ನನ್ನ ಪೇಪರ್ ತಗದು ನೋಡ್ರಿ ಮೇಡಂ. ಇಲ್ಲಾ ನನ್ನ ನಂಬರರ ಹಾಕಿ ನೋಡ್ರಿ, ಅದ ಗ್ರಾಫ್ ಬರ್ತೈತಿ,” ಎಂದಿದ್ದಳು ಮಾಯಾ. ಅರ್ಧ ನಿಮಿಷದ ಕೆಲಸ. ಕಂಪ್ಯೂಟರ್ ಎದುರಿಗೇ ಇತ್ತು.

“ಬಂಡಲ್ ಸೀಲ್ ಆಗ್ಯದ,” ಎಂದಿದ್ದಳು ಸಂಪದಾ. ಬಂಡಲ್ ಅವಳ ಬೆನ್ನ ಹಿಂದಿನ ಕಪಾಟಿನಲ್ಲಿ ಬರೀ ದಾರ ಕಟ್ಟಿಕೊಂಡು ಬಿದ್ದಿತ್ತು. “ಮತ್ತ ಕಂಪ್ಯೂಟರ್ ಯಾರ ಮಾರಿ ನೋಡಿ ಪ್ರಶ್ನಿ ಕೊಡೂದಿಲ್ಲವಾ.”

ಅರ್ಜುನಪ್ಪ ಮಗಳತ್ತ ತಿರುಗಿದರು. “ಸಾಕು ಮಾಡು. ಮೇಡಮ್ಮಾರಿಗೆ ತಪ್ಪಾತ್ರಿ ಅನ್ನು.”

ಮಾಯಾ ನೆಲ ನೋಡುತ್ತ “ತಪ್ಪಾತ್ರಿ,” ಎಂದಳು. ಸಂಪದಾ, “ಇರಲಿ ಬಿಡ್ರಿ, ಹುಡುಗಬುದ್ಧಿ,” ಎಂದು ದೊಡ್ಡ ಮನಸ್ಸು ತೋರಿಸಿದ್ದಳು! ಅಷ್ಟಕ್ಕೇ ಮುಗಿದಿದ್ದರೂ ಒಂದು ಮಾತಾಗಿತ್ತು. ಅವರಿಬ್ಬರೂ ಮೆಟ್ಟಿಲಿಳಿದು ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು, “ಹೆಂಗೂ ಇವ್ರಿಗೆ ಸೀಟ್ ಸಿಕ್ಕೇ ಸಿಗ್ತಾವ, ಓದೂದ್ಯಾಕ ಅಂತಿರ್ತಾರ,” ಎಂದಿದ್ದಳು. ಒಬ್ಬಿಬ್ಬರು ನಕ್ಕಿದ್ದರು. ತಾನೂ ನಕ್ಕಿದ್ದಳು.

ಈಗ ಅಫ್ರೀನ್ ಮನೆಗೆ ಹೋದ ಮೇಲೆ ಸಂಪದಾ ಕಪಾಟು ತೆಗೆದು ಬಂಡಲಿನ ದಾರ ಬಿಚ್ಚಿದಳು. ಮಾಯಾಳ ಹಾಳೆ ಸಿಕ್ಕಿತು. ಏಳನೇ ಚುಕ್ಕಿಯ ಸುತ್ತ ಪೆನ್ಸಿಲಿನಿಂದ ಒಂದು ಸಣ್ಣ ಸುತ್ತು ಹಾಕಿದ್ದಳು ಹುಡುಗಿ, ನೋಡುವವರಿಗೆ ಸುಲಭವಾಗಲಿ ಎಂದು. ಅದರ ಕೆಳಗೇ ಸಂಪದಾಳ ಕೆಂಪು ಶಾಯಿಯ ಸೊನ್ನೆ. ಅವಳಿಗೆ ತನ್ನ ಕೈ ತನಗೇ ಬೇಡವೆನಿಸಿತು.

ಚಿಗರಿ ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ಪಕ್ಕದವರು ಮಾತಾಡಿಸಿದ್ದು ಅವಳಿಗೆ ಕೇಳಿಸಲಿಲ್ಲ. ಮನೆಯಲ್ಲಿ ಗಂಡ ರೋಹಿತನಿಗೆ ಎಲ್ಲ ಹೇಳಿದಳು, ಸ್ಟಾಫ್ ರೂಮಿನ ಮಾತೊಂದನ್ನು ಬಿಟ್ಟು.

“ಬ್ಯಾರೆ ಯಾರಿಗರೆ ಗೊತ್ತದೇನು?” ಎಂದ ಅವನು.

“ನನಗ ಗೊತ್ತದಲ್ಲ.”

“ಹಂಗಲ್ಲ ಮಾರಾಯ್ತಿ. ಮುಂದಿನ ತಿಂಗಳ ನಿನ್ನ ಬಡ್ತಿ ಸಂದರ್ಶನ ಅದ. ಹೊತ್ತಲ್ಲದ ಹೊತ್ತಿನ್ಯಾಗ ಯಾಕ ಮೈಮ್ಯಾಲೆ ಎಳಕೋತಿ? ಆಕಿ ಇನ್ನೊಮ್ಮೆ ಪರೀಕ್ಷಾ ಕಟ್ಟತಾಳ, ಪಾಸಾಗ್ತಾಳ.”

“ಮಂಗಳವಾರ ಎಂ.ಎಸ್ಸಿ. ಪ್ರವೇಶ ಮುಗೀತದ. ಆಕೀದು ಒಂದು ವರ್ಷ ಹೋಗ್ತದ.”

“ಒಂದು ವರ್ಷ ಏನ್ ದೊಡ್ಡದು?” ಎಂದು ರೋಹಿತ ಟೀವಿಯ ದನಿ ಏರಿಸಿದ. ಸಂಪದಾಳಿಗೆ ಅವನ ಮೇಲೆ ಸಿಟ್ಟು ಬಂತು. ನಿನ್ನೆಯಾಗಿದ್ದರೆ ತಾನೂ ಇದನ್ನೇ ಹೇಳುತ್ತಿದ್ದಳಲ್ಲ ಎನಿಸಿ ಆ ಸಿಟ್ಟೂ ನಿಲ್ಲಲಿಲ್ಲ.

ಗರಗಕ್ಕೆ ಹೋಗುವುದೆಂದು ತೀರ್ಮಾನಿಸಿದ್ದು ಆಗಲೇ. ಮನೆಗೇ ಹೋಗಿ ಎದುರಾಎದುರು ಹೇಳಿಬಿಡಬೇಕು, ಕ್ಷಮೆ ಕೇಳಬೇಕು. ಅರ್ಜುನಪ್ಪನವರು ಗುರುಗಳನ್ನು ಕಂಡರೆ ಕೈಮುಗಿಯುವ ಮನುಷ್ಯ, ಇಲ್ಲ ಎನ್ನಲಾರರು. ಇದು ಧೈರ್ಯವೆಂದೇ ಅವಳು ತಿಳಿದಳು. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ ಎಂಬುದು ತಲೆಯ ಮೂಲೆಯಲ್ಲೂ ಇರಲಿಲ್ಲ ಎಂದರೆ ಮಾತ್ರ ಸುಳ್ಳಾದೀತು.

ಭಾನುವಾರ ಮುಂಜಾನೆ ಸ್ಕೂಟರ್ ತೆಗೆದಳು. ದಾರಿಯಲ್ಲಿ ಅರ್ಧ ಕಿಲೋ ಪೇಢೆ ಕಟ್ಟಿಸಿದಳು. ಅರ್ಜುನಪ್ಪನವರ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಆ ಡಬ್ಬಿ ಹಿಡಿದು ಒಳಗೆ ಹೋಗುವುದನ್ನು ನೆನೆಸಿಕೊಂಡರೇ ನಾಚಿಕೆಯಾಯಿತು. ಡಿಕ್ಕಿಯಲ್ಲೇ ಬಿಟ್ಟು ಬಂದಳು.

“ಬರ್ರಿ ಅಕ್ಕೋರ, ಒಳಗ ಬರ್ರಿ,” ಎಂದು ಮಾಯಾಳ ತಾಯಿ ದುರಗವ್ವ ಸೆರಗಿನಿಂದ ಕುರ್ಚಿ ಒರೆಸಿದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಾಯಾಳ ಹತ್ತನೇ ಇಯತ್ತೆಯ ಬಹುಮಾನಗಳು. ಅರ್ಜುನಪ್ಪ ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದರು.

“ಮೇಡಮ್ಮಾರು ನಮ್ಮ ಮನಿತನಕ ಬಂದ್ರಂದ್ರ ನಮ್ಮ ಪುಣ್ಯ ನೋಡ್ರಿ. ಮಾಯಾ, ಯಾರು ಬಂದಾರ ನೋಡವಾ! ಅವತ್ತ ಇಕಿ ಭಾಳ ಮಾತಾಡಿಬಿಟ್ಳ್ರಿ. ಮನಿಗೆ ಬಂದು ನಾನೂ ಭಾಳ ಬೈದೇನ್ರಿ. ಈಗ ಸುಮ್ಮ ಅವ್ವನ ಕೂಡ ಖಾದಿ ಕೇಂದ್ರಕ್ಕ ನೂಲಾಕ ಹೋಗ್ತಾಳ. ಈ ವರ್ಷ ಹಿಂಗ ಹೋಗಲಿ, ಬುದ್ಧಿ ಬರ್ತೈತಿ ಅಂದೇನ್ರಿ.”

ಮಾಯಾ ನಡುಮನೆಯ ಬಾಗಿಲಲ್ಲಿ ಬಂದು ನಿಂತಳು. ನಮಸ್ಕಾರ ಅಂದಳು, ನಗಲಿಲ್ಲ. ಚಹಾ ಬಂತು. ಅರ್ಜುನಪ್ಪ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸಂಪದಾಳಿಗೆ ತಡೆಯಲಾಗಲಿಲ್ಲ.

“ಸರ, ನಿಮ್ಮ ಮಗಳು ಬರದಿದ್ದು ಖರೇ ಇತ್ರಿ. ತಪ್ಪು ನಂದು.”

ಒಮ್ಮೆ ಶುರುವಾದ ಮೇಲೆ ಮಾತು ತಾನೇ ಬಂತು. ಏಳನೇ ಚುಕ್ಕಿ, ಉತ್ತರಪಟ್ಟಿ, ನೋಡದೆ ಸುತ್ತಿದ ಸೊನ್ನೆ. ಬಂಡಲ್ ಸೀಲ್ ಆಗಿರಲಿಲ್ಲ, ತನ್ನ ಕಪಾಟಿನಲ್ಲೇ ಇತ್ತು ಎಂಬುದನ್ನೂ ಹೇಳಿದಳು. ಸ್ಟಾಫ್ ರೂಮಿನಲ್ಲಿ ಆಡಿದ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಚಹಾದೊಂದಿಗೆ ನುಂಗಿದಳು.

ಅರ್ಜುನಪ್ಪ ಅವಳತ್ತ ನೋಡಲೇ ಇಲ್ಲ. ಮಗಳತ್ತ ನೋಡಿದರು.

“ನೀ ಹೇಳಿದ್ದಿ,” ಎಂದರು.

“ಹೇಳಿದ್ನೆಪಾ.”

“ನಾ ಕೇಳಲಿಲ್ಲ. ತಪ್ಪಾತ್ರಿ ಅನ್ನಂತ ಹೇಳಿದ್ನಿ.”

“ನಾ ಬಡಕೊಂಡೆ, ಆಕಿ ಸುಳ್ಳು ಹೇಳೂಹಂತಾಕಿ ಅಲ್ಲಂತ,” ಎಂದ ದುರಗವ್ವ ಗಂಡನಿಗೆ ಹೇಳಿದಳೋ ಕುರ್ಚಿಯಲ್ಲಿ ಕೂತವಳಿಗೆ ಹೇಳಿದಳೋ, ಇಬ್ಬರೂ ತಲೆ ತಗ್ಗಿಸಿದರು.

ಸಂಪದಾಳ ಕಣ್ಣಲ್ಲಿ ನೀರು ಬಂತು. “ನನಗ ಕ್ಷಮಾ ಮಾಡವಾ ಮಾಯಾ,” ಎಂದಳು. ಹಾಗೆ ಕೇಳಿದಾಗ ಎದುರಿನವರು ‘ಅಯ್ಯ, ಇರಲಿ ಬಿಡ್ರಿ’ ಅನ್ನುವುದು ರೂಢಿ. ಮಾಯಾ ಅನ್ನಲಿಲ್ಲ.

“ಮಂಗಳವಾರ ಕಡೀ ದಿನ ಐತ್ರಿ ಮೇಡಂ. ಬರದು ಕೊಡ್ತೀರಿ?”

ಸಂಪದಾ ಬೈಗುಳಕ್ಕೆ ತಯಾರಾಗಿ ಬಂದಿದ್ದಳು, ಅಳುವಿಗೆ ತಯಾರಾಗಿ ಬಂದಿದ್ದಳು. ಇದಕ್ಕೆ ಆಗಿರಲಿಲ್ಲ. ಬರೆದು ಕೊಟ್ಟರೆ ಅದು ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ, ಪರೀಕ್ಷಾ ವಿಭಾಗಕ್ಕೆ ಹೋಗುತ್ತದೆ, ಸಂದರ್ಶನದ ಕಡತದೊಳಗೂ ಹೋಗಿ ಕೂರುತ್ತದೆ. ಉಳಿದ ಹುಡುಗರ ಗ್ರಾಫ್‌ಗಳೂ ಹೊರಬರುತ್ತವೆ.

“ನಾಳೆ ನಾ ಆಫೀಸಿನ್ಯಾಗ ಮಾತಾಡ್ತೀನವಾ. ಪ್ರಿನ್ಸಿಪಾಲರಿಗೆ ತಿಳಿಸಿ ಹೇಳ್ತೀನಿ…”

“ಮಾತಾಡ್ರಿ. ಬರದೂ ಕೊಡ್ರಿ,” ಎಂದು ಮಾಯಾ ಒಳಗೆ ಹೋಗಿ, ಒಂದು ಬಿಳಿ ಹಾಳೆ, ಅಡಿಗಿಡಲು ಒಂದು ಪುಸ್ತಕ, ಪೆನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಅರ್ಜುನಪ್ಪ ಮಗಳನ್ನು ತಡೆಯಲಿಲ್ಲ. ಎದ್ದು ಹೋಗಿ ಬೀದಿ ಕಡೆಯ ಕಿಟಕಿ ತೆರೆದರು, ಬೆಳಕು ಬರಲಿ ಎಂದು.

ಸಂಪದಾ ಬರೆದಳು. ವಿದ್ಯಾರ್ಥಿನಿಯ ಉತ್ತರ ಸರಿಯಾಗಿದ್ದು, ಕಂಪ್ಯೂಟರಿನ ದೋಷದಿಂದಾಗಿ ಆಕೆಗೆ ಸೊನ್ನೆ ಅಂಕ ನೀಡಲಾಗಿರುತ್ತದೆ. ತಿದ್ದುಪಡಿ ಮಾಡಬೇಕಾಗಿ ವಿನಂತಿ. ಸಹಿ ಹಾಕಿ, ತಾರೀಖು ಬರೆದು ಅರ್ಜುನಪ್ಪನವರ ಕೈಗೆ ಕೊಟ್ಟಳು. ಅವರು ಚಸ್ಮಾ ಏರಿಸಿ ಓದಿದರು. ಓದಿ ಮುಗಿಸಿ ಮಗಳ ಮುಂದೆ ಹಿಡಿದರು.

“ನೀ ನೋಡವಾ. ಬರೋಬ್ಬರಿ ಐತೇನು ನೀನ ಹೇಳು.”

ಮಾಯಾ ಓದಿದಳು. ಒಂದು ಪದದ ಮೇಲೆ ಬೆರಳಿಟ್ಟಳು.

“ಇದು ಬ್ಯಾಡ್ರಿ ಮೇಡಂ. ಕಂಪ್ಯೂಟರಿಂದೇನ ತಪ್ಪಿಲ್ಲ. ಅದು ಎಲ್ಲಾ ನಂಬರಿಗೂ ಒಂದ ನಮೂನಿ ಮಾಡೇತಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಂಪದಾಳ ಮುಖಕ್ಕೆ ರಕ್ತ ನುಗ್ಗಿತು. ಸ್ಟಾಫ್ ರೂಮಿನ ಗೋಡೆಗೆ ಕಿವಿಯಿತ್ತೇನೋ, ಈ ಹುಡುಗಿಗೆ ಅವತ್ತಿನ ಮಾತೂ ಗೊತ್ತಿದೆಯೇನೋ ಎನಿಸಿತು. ಕೇಳುವ ಧೈರ್ಯವಾಗಲಿಲ್ಲ. ಹಾಳೆ ಇಸಿದುಕೊಂಡು ಕಂಪ್ಯೂಟರಿನ ದೋಷದಿಂದಾಗಿ ಎಂಬುದನ್ನು ಹೊಡೆದುಹಾಕಿದಳು. ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ, ನಾನು ಆಕೆಯ ಗ್ರಾಫನ್ನು ನೋಡದೆ ಇದ್ದುದರಿಂದ, ಎಂದು ಬರೆದು ಮಗ್ಗುಲಿಗೆ ಇನ್ನೊಂದು ಸಹಿ ಹಾಕಿದಳು.

ಮಾಯಾ ಹಾಳೆ ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ಮತ್ತೆ ಮೊದಲ ಸಾಲಿನಿಂದ ಓದತೊಡಗಿದಳು. ಪೆನ್ನಿನ ಟೋಪಿ ಹಾಕಲೋ ಬೇಡವೋ ತಿಳಿಯದೆ ಸಂಪದಾ ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು.