ಏಳನೇ ಸದಸ್ಯೆಯ ಆಕ್ಷೇಪ

ಪಿಎಚ್‌ಡಿಗಾಗಿ ಆರು ವರ್ಷ ಒದ್ದಾಡಿದ ಮೇಲೆ ನನಗೆ ಬಾಯಿಪಾಠ ಮಾಡಲು ಉಳಿದಿದ್ದು ಒಂದೇ ವಾಕ್ಯ. ಪ್ರಬಂಧವನ್ನು ಸಾರ್ವಜನಿಕವಾಗಿ ಪರೀಕ್ಷಿಸಲು ಹೊರಗಿನಿಂದ ಬರುವ ‘ಪ್ರತಿವಾದಿ’ಯ ಪ್ರಶ್ನೆಗಳೆಲ್ಲ ಮುಗಿದ ಬಳಿಕ ತುಂಬಿದ ಸಭೆಯ ಕಡೆ ತಿರುಗಿ ಹೇಳಬೇಕು: “ನನ್ನ ಪ್ರಬಂಧದ ಬಗ್ಗೆ ಯಾರಿಗಾದರೂ ಆಕ್ಷೇಪವಿದ್ದರೆ ದಯವಿಟ್ಟು ಕುಸ್ತೋಸ್ ಅವರ ಅನುಮತಿ ಪಡೆದು ಮಾತನಾಡಿ.” ಕುಸ್ತೋಸ್ ಅಂದರೆ ಆ ದಿನದ ಸಭೆ ನಡೆಸುವವರು, ನನ್ನ ಪಾಲಿಗೆ ಮಾರ್ಗದರ್ಶಕ ಪ್ರೊಫೆಸರ್ ವೂರೆಲಾ ಅವರೇ. ನಮ್ಮ ತಾಂಪೆರೆ ವಿಶ್ವವಿದ್ಯಾಲಯದಲ್ಲಿ ಈ ವಾಕ್ಯ ಕೇಳಿ ಯಾರೂ ಏಳುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಮನಸ್ಸೂ ಹೊರಗಿನ ಕಾಫಿ, ಕೇಕಿನ ಮೇಲಿರುತ್ತದೆ.

“ಹತ್ತು ಸೆಕೆಂಡು ಸುಮ್ನೆ ನಿಂತ್ಕೊ, ನಾನು ಮುಗೀತು ಅಂತೀನಿ,” ಎಂದು ವೂರೆಲಾ ಹಿಂದಿನ ದಿನವೇ ಹೇಳಿಕೊಟ್ಟಿದ್ದರು. “ಇಪ್ಪತ್ತೆಂಟು ವರ್ಷದಲ್ಲಿ ಒಂದು ನರಪಿಳ್ಳೆ ಎದ್ದಿಲ್ಲ ಕಣಮ್ಮಾ ಸೈಮಿ.”

ಅವರಿಗೆ ಲೆಂಪಿ ಚಿಕ್ಕಮ್ಮನ ವಿಷಯ ಗೊತ್ತಿರಲಿಲ್ಲ.

ಸಣ್ಣ ಊರಿನ ಪುರಸಭೆಗಳು ತಮ್ಮನ್ನು ತಾವೇ ಮುಚ್ಚಿಕೊಳ್ಳಲು ಏಕೆ ಮತ ಹಾಕುತ್ತವೆ ಎಂಬುದು ನನ್ನ ಸಂಶೋಧನೆ. ನಾಲ್ಕನೇ ಅಧ್ಯಾಯವಂತೂ ಪೂರ್ತಿ ನಮ್ಮೂರು ಹಾಪಾನಿವದ್ದೇ. ಹತ್ತು ವರ್ಷಗಳ ಹಿಂದೆ ಅಲ್ಲಿನ ಸಭೆ ಪಕ್ಕದ ನಗರದ ಜೊತೆ ಸೇರಲು ಒಂಬತ್ತಕ್ಕೆ ಎಂಟು ಮತಗಳಿಂದ ಒಪ್ಪಿತು. ಆ ಒಂಬತ್ತನೇ ಮತ ಚಿಕ್ಕಮ್ಮನದು. ಅದುವರೆಗೂ ಸೇರಬಾರದು ಎಂದು ಊರೆಲ್ಲ ಭಾಷಣ ಮಾಡಿದವಳು ಆಕೆಯೇ. ಅಂದಿನಿಂದ ಅರ್ಧ ಊರು ಅವಳ ಜೊತೆ ಮಾತು ಬಿಟ್ಟಿತು. ಅಧ್ಯಕ್ಷರಾಗಿದ್ದ ತಾಯಿಸ್ತೊ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದರು. ಚಿಕ್ಕಮ್ಮನೂ ಏನೂ ವಿವರಿಸಲು ಹೋಗಲಿಲ್ಲ. ನಮ್ಮ ಕಡೆಯವರು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ನನಗೆ ಮಾತ್ರ ಕಾರಣ ಹೇಳಿದ್ದಳು, ಸಂಶೋಧನೆಯ ಸಂದರ್ಶನದಲ್ಲಿ. ನಾನು ಹೆಸರು ಹಾಕದೆ ಅವಳನ್ನು ‘ಏಳನೇ ಸದಸ್ಯೆ’ ಎಂದು ಕರೆದು, ‘ಏಳು ಗಂಟೆ ನಡೆದ ಸಭೆಯ ದಣಿವಿನಲ್ಲಿ ಗೊಂದಲಗೊಂಡು ಮತ ಬದಲಿಸಿದರು’ ಎಂದು ಬರೆದೆ. ಜನ ಕನಿಕರದಿಂದಾದರೂ ಅವಳನ್ನು ಬಿಡಲಿ ಅನ್ನಿಸಿತ್ತು. ಪುಸ್ತಕವಾಗಿ ಅಚ್ಚಾದ ಪ್ರಬಂಧವನ್ನು ಅವಳಿಗೆ ಕಳಿಸಿದೆ. ಆಮೇಲೆ ನನ್ನ ಒಂದು ಫೋನನ್ನೂ ಅವಳು ಎತ್ತಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಮೂರು ವಾರ ನನಗೆ ಅನ್ನ ಸೇರಲಿಲ್ಲ, ಪದವಿಯ ಸಂಭ್ರಮವೂ ಬೇಡವಾಯಿತು.

ಆದರೂ ಆ ದಿನ ಸಭೆಗೆ ಬಂದಿದ್ದಳು. ಐದನೇ ಸಾಲಿನಲ್ಲಿ, ಮಡಿಲಲ್ಲಿ ನನ್ನ ಪುಸ್ತಕ. ಅವಳ ಎರಡೂ ಪಕ್ಕ ಖಾಲಿ. ಹಾಪಾನಿವದ ಇತರರು ಹಿಂದೆ ಒತ್ತಿಕೊಂಡು ಕೂತಿದ್ದರು.

ಉಮೆಯೊ ವಿಶ್ವವಿದ್ಯಾಲಯದಿಂದ ಬಂದ ಪ್ರತಿವಾದಿ ಪ್ರೊಫೆಸರ್ ಲಿಂಡ್‌ರೂಸ್ ಎರಡೂವರೆ ಗಂಟೆ ನನ್ನನ್ನು ಹಿಂಡಿದರು. ಹೇಗೋ ನಿಭಾಯಿಸಿದೆ. ಕೊನೆಗೆ ಆ ವಾಕ್ಯ ಹೇಳಿ, ಮನಸ್ಸಿನಲ್ಲೇ ಎಣಿಸತೊಡಗಿದೆ. ಆರಕ್ಕೆ ಬರುವಷ್ಟರಲ್ಲಿ ಚಿಕ್ಕಮ್ಮ ಎದ್ದಳು.

“ಕುಸ್ತೋಸ್ ಸಾಹೇಬ್ರೇ, ನಂದೊಂದು ಮಾತಿದೆ.”

ವೂರೆಲಾ ಬೆಚ್ಚಿಬಿದ್ದರು. ಹಿಂದೆ ಉದ್ದ ಬಾಲವಿರುವ ಸಮಾರಂಭದ ಕೋಟು ಸರಿಮಾಡಿಕೊಂಡು, “ಅಪ್ಪಣೆಯಿದೆ,” ಎಂದರು.

“ನೂರಾ ಹನ್ನೆರಡನೇ ಪುಟ. ಏಳನೇ ಸದಸ್ಯೆ ಗೊಂದಲಗೊಂಡು ಮತ ಹಾಕಿದ್ಳು ಅಂತ ಬರ್ದಿದೆ. ಆ ಏಳನೇ ಸದಸ್ಯೆ ನಾನೇ. ನಂಗ್ಯಾವ ಗೊಂದಲಾನೂ ಇರ್ಲಿಲ್ಲ. ಒಪ್ಪಂದದಲ್ಲಿ ಹದಿನೈದು ವರ್ಷ ನಮ್ಮೂರ ಶಾಲೆ ಮುಚ್ಚಲ್ಲ ಅಂತಿತ್ತು. ಕೊನೇ ಪುಟದಲ್ಲಿ. ಅವತ್ತು ಅದನ್ನ ಓದ್ದೋಳು ನಾನೊಬ್ಳೇ. ಪುರಸಭೆ ಬೋರ್ಡು ಹೋದ್ರೆ ಹೋಗ್ಲಿ, ಶಾಲೆ ಉಳೀಲಿ ಅಂತ ಗೊತ್ತಿದ್ದೇ ಕೈ ಎತ್ದೆ. ಈ ಹುಡುಗಿಗೆ ಅದನ್ನೆಲ್ಲ ಹೇಳಿದ್ದೆ. ಇವಳು ನನ್ನನ್ನ ಕಾಪಾಡೋಕೆ ಹೋಗಿ ಪೆದ್ದಿ ಮಾಡಿದಾಳೆ. ಬೈಸ್ಕೊಳ್ಳೋದು ನಂಗೆ ಅಭ್ಯಾಸ ಇದೆ. ಪೆದ್ದಿ ಅನ್ನಿಸ್ಕೊಳ್ಳೋದು ಮಾತ್ರ ಆಗಲ್ಲ!”

ಮೂರು ವಾರ ನಾನು ಲೆಕ್ಕ ಹಾಕಿದ್ದೆಲ್ಲ ತಲೆಕೆಳಗಾಯಿತು. ಬಯಲಿಗೆಳೆದೆ ಎಂದು ಅವಳಿಗೆ ಸಿಟ್ಟು ಅಂದುಕೊಂಡಿದ್ದೆ. ಸಿಟ್ಟು ಬಂದಿದ್ದು, ಊರು ಇನ್ನಷ್ಟು ಬೈದೀತೆಂದು ನಾನು ನಿಜ ಕಾರಣ ಬಚ್ಚಿಟ್ಟಿದ್ದಕ್ಕೆ. ಒಪ್ಪಿಕೊಂಡರೆ ಪದವಿಗೇ ಕುತ್ತು ಬರಬಹುದಿತ್ತು. ಒಪ್ಪದೆ ಇದ್ದರೆ ನನ್ನ ಪಾಲಿಗೆ ಚಿಕ್ಕಮ್ಮ ಇರುತ್ತಿರಲಿಲ್ಲ.

“ಮಾನ್ಯರ ಆಕ್ಷೇಪ ಸರಿಯಾಗಿದೆ,” ಎಂದೆ. “ಅವರು ಹೇಳಿದ್ದನ್ನು ನಾನು ಮೆತ್ತಗೆ ಮಾಡಿದೆ, ಪ್ರೀತಿಯಿಂದ. ಅದು ಸಂಶೋಧನೆಯಲ್ಲಿ ತಪ್ಪು. ಆ ಪುಟಕ್ಕೆ ತಿದ್ದುಪಡಿ ಸೇರಿಸುತ್ತೇನೆ.”

ಲಿಂಡ್‌ರೂಸ್ ಪೆನ್ನು ಕೆಳಗಿಟ್ಟರು. “ತಿದ್ದುಪಡಿ ಸೇರ್ಲಿ, ಅಷ್ಟು ಸಾಕು. ನಿಮ್ಮ ವಾದಾನೂ ಗಟ್ಟಿಯಾಯ್ತಲ್ಲಾ! ಈ ಪ್ರಶ್ನೆ ನಾನು ಕೇಳ್ಬೇಕಿತ್ತು. ಅವರೇ ಕೇಳಿಬಿಟ್ರು. ಪ್ರಬಂಧ ಅಂಗೀಕಾರ ಆಗ್ಲಿ ಅಂತ ಶಿಫಾರಸು ಮಾಡ್ತೀನಿ.”

ಸಭೆ ನಕ್ಕಿತು, ನಾನು ಮೂಗೊರೆಸಿಕೊಂಡೆ. ವೂರೆಲಾ ಮುಗಿಸಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಗಂಟಲು ಕೆಮ್ಮಿತು. ಮಾಜಿ ಅಧ್ಯಕ್ಷ ತಾಯಿಸ್ತೊ ಎದ್ದು ನಿಂತಿದ್ದರು, ಎಂಬತ್ತರ ಮುದುಕ, ಮುಖ ಕೆಂಪು.

“ಏಳನೇ ಸದಸ್ಯೆಗೆ ನಂದೊಂದು ಪ್ರಶ್ನೆ ಇದೆ.”

“ಕ್ಷಮಿಸಿ,” ಎಂದರು ವೂರೆಲಾ ಬೆವರುತ್ತ, “ನಿಯಮದ ಪ್ರಕಾರ ಇಲ್ಲಿ ಅಭ್ಯರ್ಥಿಯನ್ನು ಮಾತ್ರ ಕೇಳಬಹುದು.”

ತಾಯಿಸ್ತೊ ಯೋಚಿಸಿದರು. ಹತ್ತು ವರ್ಷ ಸಭೆ ನಡೆಸಿದ ಮನುಷ್ಯ, ನಿಯಮ ಮೀರುವವರಲ್ಲ.

“ಸರಿ, ಅಭ್ಯರ್ಥಿಯನ್ನೇ ಕೇಳ್ತೀನಿ. ನನ್ನ ಮೂರು ಮೊಮ್ಮಕ್ಳೂ ಅದೇ ಶಾಲೇಲಿ ಓದ್ತಿದಾರೆ. ನಂಗೆ ಈ ವಿಷಯ ಗೊತ್ತಿರ್ಲಿಲ್ಲ. ಈಗ... ಏಳನೇ ಸದಸ್ಯೆ ಪಕ್ಕದ ಕುರ್ಚಿ ಖಾಲಿ ಇದೆಯಾ?”

ಚಿಕ್ಕಮ್ಮ ತಲೆ ಬಗ್ಗಿಸಿ ಪುಸ್ತಕದ ರಟ್ಟು ನೋಡುತ್ತಿದ್ದಳು. ಅವಳ ಕಿವಿಗಳೂ ಕೆಂಪಗಾಗಿದ್ದವು.

“ನನಗೆ ಲಭ್ಯವಿರುವ ದತ್ತಾಂಶದ ಪ್ರಕಾರ,” ಎಂದೆ, “ಎರಡೂ ಪಕ್ಕ ಖಾಲಿ ಇವೆ.”

ಮುದುಕ ಸಾಲು ದಾಟಿ, ಹತ್ತು ಜನರ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತ ಬಂದು ಕೂತರು. ಇಡೀ ಸಭೆ ನೋಡುತ್ತಿತ್ತು.

“ಸ್ವಲ್ಪ ಆಚೆ ಸರೀರಿ,” ಎಂದಳು ಚಿಕ್ಕಮ್ಮ ಗಟ್ಟಿಯಾಗಿ, “ನನ್ನ ಬ್ಯಾಗಿನ ಮೇಲೆ ಕೂತಿದೀರಾ.”